ನೀರಿನ ಬಾಟಲಿಯಲ್ಲಿ ಆಸಿಡ್

ಹೊಳಲ್ಕೆರೆಯ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್, ಕನ್ನಡಕವನ್ನು ಹಣೆಯ ವಿಭೂತಿಯ ಮೇಲಕ್ಕೆ ಸರಿಸಿ, ಪ್ರತಿ ಬಾಟಲಿಯ ಚೀಟಿಯನ್ನು ಗಟ್ಟಿಯಾಗಿ ಓದಿಯೇ ಕೈಗೆ ಕೊಡುತ್ತಿದ್ದರು. ಚೀಟಿ ಇಲ್ಲದ್ದು ಕಂಡರೆ ಒಂದೇ ಮಾತು: "ಹೆಸ್ರಿಲ್ದದ್ದು ಇಲ್ಲಿರಂಗಿಲ್ಲ." ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬರುತ್ತಿದ್ದ ನನಗೆ ಅದು ಬರೀ ಹಟವೆನಿಸುತ್ತಿತ್ತು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಆಸಿಡ್ಡಿಗಾಗಿ ಮತ್ತೆ ಮತ್ತೆ ಅವರ ಮುಂದೆ ಸರದಿಯಲ್ಲಿ ನಿಲ್ಲುವುದು ತಪ್ಪಲೆಂದು, ಖಾಲಿ ನೀರಿನ ಬಾಟಲಿಗೆ ಹೈಡ್ರೋಕ್ಲೋರಿಕ್ ಆಸಿಡ್ ತುಂಬಿಸಿ ನನ್ನ ಮೇಜಿನ ಮೇಲಿಟ್ಟುಕೊಂಡೆ. ಅವರು ಬಂದು ನಿಂತರು.

"ಇದು ಆಸಿಡ್ ಅಂತ ನಂಗೊತ್ತು. ಬೇರೆಯವ್ರು ಯಾಕೆ ಮುಟ್ತಾರೆ?" ಎಂದೆ.

ಅವರು ವಾದಕ್ಕಿಳಿಯಲಿಲ್ಲ. "ಆ ಕಡೆ ತಿರುಗಪ್ಪ" ಎಂದು, ಅಂಥದೇ ಇನ್ನೊಂದು ಬಾಟಲಿಗೆ ನಲ್ಲಿನೀರು ತುಂಬಿಸಿ, ಎರಡನ್ನೂ ಅದಲುಬದಲು ಮಾಡಿ ಅಕ್ಕಪಕ್ಕದಲ್ಲಿಟ್ಟರು. "ಈಗ ಹೇಳ್ರಿ ಲಾಯರ್ ಸಾಹೇಬ್ರೆ, ಕುಡಿಯೋದು ಯಾವ್ದು?"

ಎಷ್ಟು ನೋಡಿದರೂ ಎರಡೂ ನೀರಿನಂತೆಯೇ ಕಂಡವು.

"ಟೈಮ್ ಹೋಗ್ತೈತೆ ಸರ್. ನನ್ ಮಾರ್ಕ್ಸ್ ಹೋದ್ರೆ ನೀವು ಕೊಡ್ತೀರಾ?"

"ಇಲ್ಲಪ್ಪ. ಯಾರ್ದಾದ್ರೂ ಗಂಟ್ಲು ಸುಟ್ರೆ ಅದ್ನೂ ಕೊಡಾಕಾಗಲ್ಲ."

ನಲ್ಲಿ ಜೋರಾಗಿ ಬಿಟ್ಟು ಎರಡನ್ನೂ ಸಿಂಕಿಗೆ ಸುರಿದೆ. ಸರದಿಯ ಕೊನೆಗೆ ಹೋಗಿ ನಿಂತೆ. ಕೊನೆಯ ರೀಡಿಂಗ್ ತೆಗೆಯುವ ಮೊದಲೇ ಗಂಟೆ ಹೊಡೆಯಿತು. ಉತ್ತರಪತ್ರಿಕೆಯಲ್ಲಿ ಆ ರೀಡಿಂಗಿನ ಜಾಗ ಯಾಕೆ ಖಾಲಿ ಎಂದು ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು. ತಪ್ಪು ನನ್ನದೇ ಎಂದೆ.