ದಸ್ತಗೀರ ತೆಗೆದ ಫೋಟೋ

ಯಾರದಾದರೂ ಮನೆಗೆ ಹೋದರೆ ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ನಾನು ಮದುಮಕ್ಕಳನ್ನು ನೋಡುವುದಿಲ್ಲ. ಮೊದಲು ಕಣ್ಣು ಹೋಗುವುದು ಕೆಳಗಿನ ಮೂಲೆಗೆ, ಸ್ಟುಡಿಯೋದ ಹೆಸರು ಇರುವ ಕಡೆ. ಹೆಸರು ನನ್ನದಾಗಿದ್ದರೆ ಆ ಮನೆಯ ಚಹಾ ರುಚಿಯಾಗಿರುತ್ತದೆ. ಬೇರೆಯವರದಾಗಿದ್ದರೆ ತಪ್ಪು ಹುಡುಕುತ್ತೇನೆ. ವರನ ಕೊರಳಪಟ್ಟಿ ಒಂದು ಕಡೆ ಎದ್ದಿರುತ್ತದೆ, ಇಲ್ಲವೆ ವಧುವಿನ ತಲೆಯ ಹಿಂದೆ ಮಂಟಪದ ಕಂಬ ಕೊಂಬಿನ ಹಾಗೆ ಬೆಳೆದಿರುತ್ತದೆ. ತಪ್ಪು ಸಿಕ್ಕ ಮೇಲೆ ಚಹಾ ಮತ್ತೆ ರುಚಿಗೆ ಬರುತ್ತದೆ. ತಪ್ಪೇ ಸಿಗದ ಫೋಟೋಗಳೂ ಇವೆ. ಇತ್ತೀಚೆಗೆ ನಮ್ಮ ನವನಗರದ ಮನೆಗಳಲ್ಲಿ ಅಂಥವು ಹೆಚ್ಚಾಗಿವೆ, ಮತ್ತು ಅವುಗಳ ಮೂಲೆಯಲ್ಲಿ ಒಂದೇ ಹೆಸರಿರುತ್ತದೆ. ಇಳಕಲ್ಲಿನ ದಸ್ತಗೀರ.

ಇದಕ್ಕೆ ಅಸೂಯೆ, ಮತ್ಸರ ಎಂಬ ಮರ್ಯಾದಸ್ಥ ಶಬ್ದಗಳಿವೆ. ಬಿ.ಎ. ಓದಿದವನಾದ್ದರಿಂದ ನನಗೆ ಅವು ಗೊತ್ತು. ಆದರೆ ಉರಿ ಏಳುವ ಜಾಗ ಹೊಟ್ಟೆಯೇ ಆಗಿರುವುದರಿಂದ ನಮ್ಮವ್ವ ಅನ್ನುತ್ತಿದ್ದ ಹೊಟ್ಟೆಕಿಚ್ಚೇ ಸರಿ.

ಬಿ.ಎ. ಮಾತು ಬಂತು, ಹೇಳಿಯೇಬಿಡುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವ ನಾನು. ಕುಳಗೇರಿ ಕ್ರಾಸ್‌ನಲ್ಲಿ ನಮ್ಮಪ್ಪನದು ಪಂಕ್ಚರ್ ತೆಗೆಯುವ ಅಂಗಡಿ. ಮುಂಜಾನೆ ಬಾದಾಮಿಯಲ್ಲಿ ಕಾಲೇಜು, ಮಧ್ಯಾಹ್ನ ಅಲ್ಲಿಯೇ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕೆಲಸ, ಸಂಜೆ ಬಂದು ಅಪ್ಪನ ಜೊತೆ ಟ್ಯೂಬು ನೀರಿಗೆ ಅದ್ದಿ ಗುಳ್ಳೆ ನೋಡುವುದು. ಹೀಗೆ ಓದಿ ಮುಗಿಸಿದೆ. ನವನಗರದ ನನ್ನ ಸ್ಟುಡಿಯೋದಲ್ಲಿ ಕರಿ ಗೌನು ತೊಟ್ಟ ನನ್ನ ಫೋಟೋ ಬಾಗಿಲಿಗೆ ಎದುರಾಗಿಯೇ ಇದೆ. ಬಂದವರು “ವಕೀಲರೇನ್ರಿ?” ಎಂದು ಕೇಳುತ್ತಾರೆ. ಅಲ್ಲ ಎನ್ನಲು ನನಗೆ ಅಷ್ಟಾಗಿ ಮನಸ್ಸು ಬರುವುದಿಲ್ಲ.

ದಸ್ತಗೀರನದು ಈ ಕಸುಬಿನಲ್ಲಿ ಮೂರನೆಯ ತಲೆಮಾರು. ಅವನ ಅಜ್ಜ ಕರಿಬಟ್ಟೆಯೊಳಗೆ ತಲೆ ಹಾಕಿ ಫೋಟೋ ತೆಗೆಯುತ್ತಿದ್ದ ಮರದ ಕ್ಯಾಮೆರಾ ಇಳಕಲ್ಲಿನ ಅವರ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ನಾನು ಕಣ್ಣಾರೆ ನೋಡಿದ್ದೇನೆ. ಗಿರಾಕಿಯ ಹಾಗೆ, ಗುರುತು ಸಿಗಬಾರದೆಂದು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೋಗಿದ್ದೆ. ಹೊಸ್ತಿಲು ದಾಟುವುದರೊಳಗೆ ಅವನು, “ಬರ್ರಿ ಸರ್, ನವನಗರದಿಂದ ಯಾವಾಗ ಬಂದ್ರಿ?” ಎಂದು ಚಹಾ ಹೇಳಿದ. ನನಗಿಂತ ಬಹಳ ಚಿಕ್ಕವ. ತಲೆಯ ಮೇಲೆ ಸದಾ ಏರಿಸಿಟ್ಟ ತಂಪು ಕನ್ನಡಕ, ಮಾತಿಗೊಮ್ಮೆ ನಗು. ಅಜ್ಜನ ಕಣ್ಣು ಮೊಮ್ಮಗನಿಗೆ ಬಂದಿದೆ ಎಂದು ಜನ ಹೊಗಳುತ್ತಾರೆ. ನನಗೆ ನಮ್ಮಪ್ಪನಿಂದ ಬಂದದ್ದು ಗಾಳಿ ಹೊಡೆಯುವ ಪಂಪು.

ಈ ಉರಿ ನಮ್ಮ ಸೀಮೆಗೆ ಹೊಸದಲ್ಲ ಎಂದು ನನ್ನ ಗುಮಾನಿ. ಬಾದಾಮಿಯ ಬಂಡೆಗಳ ಮೇಲೆ ಚಾಲುಕ್ಯರ ಕಾಲದ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಇತಿಹಾಸದ ವಿದ್ಯಾರ್ಥಿಯಾಗಿದ್ದಾಗ ಅದನ್ನು ಕಲಾವಿದರ ಆತ್ಮಗೌರವ ಎಂದು ಬರೆದು ಅಂಕ ಗಿಟ್ಟಿಸಿದ್ದೆ. ಈಗ ಬೇರೆಯೇ ತೋರುತ್ತದೆ. ಹದಿನೆಂಟು ಕೈಯ ನಟರಾಜನನ್ನು ಒಬ್ಬ ಮುಗಿಸುತ್ತಿದ್ದಾಗ, ಪಕ್ಕದಲ್ಲಿ ಎರಡೇ ಕೈಯ ದ್ವಾರಪಾಲಕನನ್ನು ಕೆತ್ತುತ್ತಿದ್ದವನ ಪಾಡು ಏನಾಗಿರಬೇಕು? ಬುತ್ತಿ ಬಿಚ್ಚಿ ಕೂತಾಗ, ಕೈ ಸ್ವಲ್ಪ ಹೆಚ್ಚಾದವು ಎಂದು ಅಂದೇ ಇರುತ್ತಾನೆ. ಎಲ್ಲರೂ ಗುಡ್ಡ ಇಳಿದ ಮೇಲೆ ತಿರುಗಿ ಬಂದು ಆ ಕೈಗಳನ್ನು ಒಂದೊಂದಾಗಿ ಮುಟ್ಟಿಯೂ ನೋಡಿರುತ್ತಾನೆ.

ಇರಲಿ. ಹುನಗುಂದಕ್ಕೆ ಕೊಟ್ಟ ನನ್ನ ಅಕ್ಕನಿಗೆ ಒಬ್ಬಳೇ ಮಗಳು, ಅಶ್ವಿನಿ. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಅವಳ ಫೋಟೋ ತೆಗೆದವ ನಾನು. ಮೊದಲ ಹಲ್ಲು, ಶಾಲೆಯ ಮೊದಲ ದಿನ, ಕೂಡಲಸಂಗಮದಲ್ಲಿ ನೀರಿಗೆ ಹೆದರಿ ಅತ್ತದ್ದು, ಎಲ್ಲವೂ ನನ್ನ ಬಳಿ ಇವೆ. ಅವಳ ಮದುವೆಯ ಆಲ್ಬಮ್ ಹೇಗಿರಬೇಕೆಂದು ಗಂಡು ಗೊತ್ತಾಗುವ ಮೊದಲೇ ನನಗೆ ಗೊತ್ತಿತ್ತು. ಹೋದ ವರ್ಷ ಮದುವೆ ನಿಶ್ಚಯವಾಯಿತು. ಅಕ್ಕ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು, ಚಹಾ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು:

“ತಮ್ಮಾ, ಈ ಲಗ್ನದಾಗ ನೀ ಕ್ಯಾಮೆರಾ ಹಿಡಿಯಾಂವಲ್ಲ. ಇಳಕಲ್ಲ ದಸ್ತಗೀರಗ ಹೇಳೇವಿ.”

“ಯಾಕ, ನನ್ನ ಕೈಗೇನಾಗೇತಿ?”

“ಕೈಗೇನೂ ಆಗಿಲ್ಲೋ ಯಪ್ಪಾ. ನೀ ಸ್ವಾದರಮಾವ. ಅಕ್ಷತಿ ಬೀಳೂ ಮುಂದ ಅಕಿ ಹಿಂದ ಯಾರು ನಿಂದರಬೇಕು? ನನ್ನ ಮೈದುನನ್ನ ನಿಂದರಸಲೇನು?”

ನಮ್ಮ ಕಡೆ ಪದ್ಧತಿ ಹಾಗೆಯೇ ಇದೆ. ಸೋದರಮಾವ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ತಂದು, ಅಕ್ಷತೆ ಬಿದ್ದು ಮುಗಿಯುವ ತನಕ ಅವಳ ಬೆನ್ನ ಹಿಂದೆ ನಿಲ್ಲಬೇಕು. ಕದಲಬಾರದು. ಆದರೆ ಹೊಟ್ಟೆಕಿಚ್ಚಿನವನಿಗೆ ಒಳ್ಳೆಯ ಕಾರಣಗಳ ಮೇಲೆ ನಂಬಿಕೆ ಇರುವುದಿಲ್ಲ. ಅಶ್ವಿನಿಯನ್ನೇ ಕೇಳಿದೆ. ಶಾಲೆಯಲ್ಲಿ ಮಾಸ್ತರಿಕೆ ಮಾಡುವ ಹುಡುಗಿ, ಸುಳ್ಳು ಹೇಳಲು ಬರುವುದಿಲ್ಲ.

“ಸಿಟ್ಟ ಮಾಡಕೋಬ್ಯಾಡ್ರಿ ಮಾಮಾ. ನಿಮ್ಮ ಫೋಟೋದಾಗ ಎಲ್ಲಾರೂ ಆಧಾರ್ ಕಾರ್ಡಿಗೆ ನಿಂತಂಗ ನಿಂದರ್ತಾರ.”

ನನ್ನ ಕೆಲಸದ ಬಗ್ಗೆ ಯಾವ ಶತ್ರುವೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಅವರು ಹೋದ ಮೇಲೆ ನಾನು ಮಾಡಿದ ಆಲ್ಬಮ್‌ಗಳನ್ನು ತೆಗೆದು ನೋಡಿದೆ. ಎಲ್ಲರೂ ಉಸಿರು ಹಿಡಿದು ನಿಂತಿದ್ದರು. ಪಂಕ್ತಿಯಲ್ಲಿ ಊಟಕ್ಕೆ ಕೂತವರೂ ಹೋಳಿಗೆ ಮುರಿಯುವುದನ್ನು ಅರ್ಧಕ್ಕೆ ಬಿಟ್ಟು ಪೊಲೀಸ್ ಭರ್ತಿಗೆ ಬಂದವರ ಹಾಗೆ ನೆಟ್ಟಗಾಗಿದ್ದರು.

ಆ ದಿನದಿಂದ ನನಗಿದ್ದ ಆಸೆ ಇಷ್ಟೆ. ಮದುವೆ ಚೆನ್ನಾಗಿ ಆಗಬೇಕು, ಫೋಟೋ ಕೆಡಬೇಕು. ದಸ್ತಗೀರ ಸೋತರೆ ಮುಂದೆ ತೊಟ್ಟಿಲ ಫೋಟೋಕ್ಕಾದರೂ ಅಶ್ವಿನಿ ಮತ್ತೆ ನನ್ನ ಕಡೆಗೇ ಬರುತ್ತಾಳೆ ಎಂಬ ಲೆಕ್ಕ. ಸಂಗಮನಾಥನ ಮುಂದೆ ಮೊದಲನೆಯದನ್ನು ಬಾಯಿಬಿಟ್ಟು ಕೇಳಿದೆ. ಎರಡನೆಯದು ಅವನಿಗೆ ತಾನಾಗಿಯೇ ತಿಳಿದಿರಬೇಕು.

ಕೊರಳಲ್ಲಿ ಕ್ಯಾಮೆರಾ ಇಲ್ಲದೆ ನಾನು ಮದುವೆಗೆ ಹೋದದ್ದು ಅದೇ ಮೊದಲು. ತಲೆಗೆ ರೇಶ್ಮೆ ಪಟಕ ಸುತ್ತಿದ್ದರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಿಸೆಯಲ್ಲಿಟ್ಟರೆ ಅಕ್ಕ ಕಣ್ಣು ಬಿಡುತ್ತಿದ್ದಳು, ಕಟ್ಟಿಕೊಂಡರೆ ಬೀಗರ ಮೇಲೆ ಸಿಟ್ಟಾದವನ ಹಾಗೆ ಕಾಣುತ್ತಿತ್ತು. ಅಷ್ಟು ವರ್ಷ ಊರಮಂದಿಗೆಲ್ಲ ಗದ್ದ ಎತ್ತು, ಭುಜ ಇಳಿಸು ಎಂದು ಹುಕುಂ ಮಾಡಿದವ, ಅಂದು ದಸ್ತಗೀರನ ಹುಕುಮಿಗೆ ಸಿಕ್ಕಿದ್ದೆ.

“ಮಾಮಾರ, ಒಂಚೂರು ಎಡಕ್ಕ ಬರ್ರಿ. ನಿಮ್ಮ ಪಟಕದ ನೆರಳ ಅಕಿ ಮಾರಿ ಮ್ಯಾಲ ಬೀಳಾಕತ್ತೈತಿ.”

ಅವನಿಗೂ ನಾನು ಮಾಮಾ ಆಗಿದ್ದೆ. ಎಡಕ್ಕೆ ಸರಿದೆ.

“ಹಂಗ ಸ್ವಲ್ಪ ನಗ್ರಿ. ಲಗ್ನ ನಿಮ್ಮದಲ್ಲ, ಅಂಜಬ್ಯಾಡ್ರಿ.”

ಬೀಗರೆಲ್ಲ ನಕ್ಕರು. ಆಮೇಲೆ ಅವನು ಮಂಟಪದ ದೊಡ್ಡ ದೀಪಗಳನ್ನು ಆರಿಸಿ, ಬದಿಯ ಬಾಗಿಲು ತೆಗೆಸಿದ. ಫೋಟೋ ಕರ್ರಗೆ ಬರುತ್ತವೆ, ಬರಲಿ ಎಂದು ನಾನು ಒಳಗೊಳಗೇ ಹಿಗ್ಗಿದೆ. ಅಲ್ಲಿಯ ತನಕ ಬಾರದ ನಗೆ ಆಗ ಮುಖಕ್ಕೆ ಬಂತು.

ಅಂತರಪಟ ಸರಿಯಿತು. ವಾದ್ಯ ಏರಿತು, ಅಕ್ಷತೆ ಹಾರತೊಡಗಿತು. ದಸ್ತಗೀರ ಕ್ಯಾಮೆರಾ ಎತ್ತಿದ್ದು ಕಂಡಿತು. ಫೋಟೋ ತೆಗೆಯುವವನ ಮೈ ಒಂದು ಕಾಯಿದೆ ಕಲಿತಿರುತ್ತದೆ. ಮುಖ್ಯ ಘಳಿಗೆಯಲ್ಲಿ ಇನ್ನೊಂದು ಕ್ಯಾಮೆರಾಕ್ಕೆ ಅಡ್ಡ ಬರಬಾರದು. ವಿಡಿಯೋದವರ ಬೈಗುಳ ತಿಂದು ತಿಂದು ಬಂದ ಕಲಿಕೆ ಅದು. ತಲೆಗೆ ತಿಳಿಯುವ ಮೊದಲೇ ಮೈ ಬಗ್ಗಿತ್ತು. ಮಂಡಿ ಮಡಿಸಿ, ಪಟಕ ತಗ್ಗಿಸಿ, ಏಡಿಯ ಹಾಗೆ ಅಡ್ಡಡ್ಡ ನಡೆದು ಮಂಟಪದ ಅಂಚಿಗೆ ಬಂದುಬಿಟ್ಟಿದ್ದೆ.

“ಏ ತಮ್ಮಾ, ಎಲ್ಲಿ ಹೊಂಟಿ? ಮಗಳ ಹಿಂದ ಯಾರದಾರೋ?” ಎಂದು ಅಕ್ಕ ಕೂಗಿದಳು.

“ಮಾವಾರಿಗೆ ಊಟದ ಅವಸರ ಆಗೇತಿ, ಬಿಡ್ರಿ ವೈನಿ,” ಎಂದ ಅವಳ ಮೈದುನ. ನನ್ನನ್ನು ಕೆಣಕಲು ಅವನಿಗೆ ಅದೊಂದು ಅವಕಾಶ ಬೇಕಾಗಿತ್ತು.

ಓಡಿ ಹೋಗಿ ನಿಲ್ಲುವಷ್ಟರಲ್ಲಿ ಅಕ್ಷತೆ ಮುಗಿದಿತ್ತು. ಜನ ನಕ್ಕರು. ಅಕ್ಕ ನಗಲಿಲ್ಲ. ಒಬ್ಬಳೇ ಮಗಳು, ಒಬ್ಬನೇ ತಮ್ಮ, ನಿಂತಲ್ಲಿ ನಿಲ್ಲು ಎಂಬುದೊಂದೇ ಕೆಲಸ. ಊಟ ಬಡಿಸುವಾಗ ನನ್ನ ಎಲೆಗೆ ಹೋಳಿಗೆ ಹಾಕಿದಳು, ಮಾತಾಡಿಸಲಿಲ್ಲ. ಅಂದು ಮೊದಲ ಬಾರಿಗೆ ನಾನು ದಸ್ತಗೀರನನ್ನು ಮರೆತೆ.

ಒಂದು ತಿಂಗಳ ಮೇಲೆ ಅಶ್ವಿನಿಯೇ ಆಲ್ಬಮ್ ಹಿಡಿದು ಸ್ಟುಡಿಯೋಕ್ಕೆ ಬಂದಳು. ನೋಡುವಾಗ ಹಳೆಯ ಚಾಳಿ ಮರಳಿತು, ಪುಟಪುಟಕ್ಕೂ ತಪ್ಪು ಹುಡುಕಿದೆ. ಕಂಬ ಇರಬೇಕಾದಲ್ಲೇ ಇತ್ತು. ಯಾವುದೂ ಕರ್ರಗೆ ಬಂದಿರಲಿಲ್ಲ. ನಡುವಿನ ಎರಡು ಪುಟ ತುಂಬ ಒಂದೇ ಫೋಟೋ ಇತ್ತು. ಬದಿಯ ಬಾಗಿಲಿನ ಬೆಳಕು ಅಶ್ವಿನಿಯ ಕೆನ್ನೆಯ ಮೇಲಿದೆ, ಅಕ್ಷತೆ ಇನ್ನೂ ಗಾಳಿಯಲ್ಲಿದೆ. ಅವಳು ಗಂಡನ ಕಡೆ ನೋಡುತ್ತಲೇ ಎಡಗೈಯನ್ನು ಹಿಂದಕ್ಕೆ ಚಾಚಿ ಬೆನ್ನ ಹಿಂದೆ ತಡಕಾಡುತ್ತಿದ್ದಾಳೆ. ಅಲ್ಲಿ ಯಾರೂ ಇಲ್ಲ. ಫೋಟೋದ ಅಂಚಿನಲ್ಲಿ, ಅರ್ಧ ಕತ್ತರಿಸಿಹೋದ, ಪಟಕ ಸುತ್ತಿದ ಒಂದು ಏಡಿ ಹೊರಗೆ ಹೋಗುತ್ತಿದೆ.

“ನನ್ನ ಕೈ ಹುಡುಕಿದ್ಯೇನ?” ಎಂದೆ.

“ಹೂಂರಿ. ಅಂಜಿಕಿ ಬಂದಿತ್ತು,” ಎಂದಳು. ಏಡಿಯ ಮೇಲೆ ಬೆರಳಿಟ್ಟು, “ಮಾಮಾ, ನನ್ನ ಎಲ್ಲಾ ಫೋಟೋ ನೀವ ತಗದೀರಿ. ನೀವೂ ನಾನೂ ಕೂಡಿದ್ದು, ಆಧಾರ್ ಕಾರ್ಡಿಗೆ ನಿಂತಂಗ ಇಲ್ಲದ್ದು, ನನ್ನ ಕಡೆ ಇದೊಂದ ಐತಿ. ಅವ್ವಗೂ ತೋರಿಸೇನಿ, ನಿಮ್ಮ ನಡಿಗಿ ನೋಡಿ ನಕ್ಕಾಳ, ಸಿಟ್ಟ ಇಳಿದೈತಿ,” ಎಂದಳು.

ಆ ಫೋಟೋ ನಾನು ತೆಗೆಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಕ್ಯಾಮೆರಾ ಹಿಡಿದು ನಾನು ಎದುರಿಗೆ ನಿಂತಿದ್ದರೆ ಆ ಕೈ ಹಿಂದಕ್ಕೆ ಚಾಚುತ್ತಲೇ ಇರಲಿಲ್ಲ. ಚಾಚಿದ್ದರೂ, ಕೈ ಇಳಿಸಿ ನೆಟ್ಟಗೆ ನಿಲ್ಲು ಎಂದು ನಾನೇ ಹೇಳಿರುತ್ತಿದ್ದೆ.

ಅದರದೊಂದು ದೊಡ್ಡ ಪ್ರತಿಯನ್ನು ಅವಳು ಕೊಟ್ಟಳು, ಕಟ್ಟು ಹಾಕಿಸಿ ಸ್ಟುಡಿಯೋದ ಗೋಡೆಗೆ ತೂಗುಹಾಕಿದ್ದೇನೆ. ಮೊನ್ನೆ ಮದುವೆ ಗೊತ್ತಾದ ಹುಡುಗಿಯೊಬ್ಬಳು ಅವ್ವನ ಜೊತೆ ದರ ಕೇಳಲು ಬಂದವಳು ಅದರ ಮುಂದೆ ನಿಂತೇಬಿಟ್ಟಳು.

“ಇದನ್ನ ನೀವ ತಗದೀರೇನ್ರಿ?”

“ಇಲ್ಲವ್ವಾ, ಇದರಾಗ ನಾ ಅದೇನಿ.”

ಅವಳು ಏಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಮತ್ತ ಯಾರು ತಗದಾರ್ರಿ?”

ಹೆಸರು ಹೇಳಿದೆ. ಊರು ಹೇಳಿದೆ. ಬಹಳ ಚೆನ್ನಾಗಿ ತೆಗೆಯುತ್ತಾನೆ ಎಂದೂ ಹೇಳಿದೆ. ಹೇಳುವಾಗ ಹೊಟ್ಟೆ ಉರಿಯಿತು, ಆದರೂ ಪೂರ್ತಿ ಹೇಳಿದೆ. ಅವಳು ನಂಬರ್ ಕೇಳಿದಳು. ನಂಬರ್ ನನ್ನ ಮೊಬೈಲಿನಲ್ಲಿದೆ. ಹುಡುಕಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಲ್ಲಿಯ ತನಕ ಕೂತು ನನ್ನವೂ ಒಂದೆರಡು ಆಲ್ಬಮ್ ನೋಡಿರಿ ಎಂದು ಇಬ್ಬರಿಗೂ ಕುರ್ಚಿ ಎಳೆದು ಹಾಕಿದೆ.