ದೊಡ್ಡಕ್ಕ ಮರೆತಿರಲಿಲ್ಲ

ನಮ್ಮ ಲೈಬ್ರರಿಯಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವರಿಗಿಂತ ಎರಡು ವರ್ಷ ಹಿರಿಯರಾದ ಮುಖ್ಯಸ್ಥರೂ ದೊಡ್ಡಕ್ಕ ಅನ್ನುತ್ತಿದ್ದರು, ಇವರೂ ಓಗೊಡುತ್ತಿದ್ದರು. ವಾಪಸಾತಿ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವರು. ಓದುಗರು ಹಿಂದಿರುಗಿಸಿದ ಪುಸ್ತಕವನ್ನು ಕಂಪ್ಯೂಟರಿನಲ್ಲಿ ದಾಖಲಿಸಿ, ಬೆನ್ನು ಹಿಡಿದು ಒಮ್ಮೆ ಕೊಡವುತ್ತಿದ್ದರು. ಒಳಗಿಂದ ಬಸ್ ಟಿಕೆಟು, ಔಷಧಿ ಚೀಟಿ, ಒಮ್ಮೆ ಯಾರದೋ ಮದುವೆಗೆ ಮುಂಚಿನ ಫೋಟೊ ಕೂಡ ಉದುರಿದ್ದುಂಟು. ಎಲ್ಲವೂ ಒಂದು ಬಿಸ್ಕತ್ ಡಬ್ಬಿ ಸೇರುತ್ತಿತ್ತು. ಆ ಓದುಗ ಆರು ತಿಂಗಳು ಬಿಟ್ಟು ಬಂದರೂ ಮುಖ ನೋಡಿದೊಡನೆ ಅವನದೇ ಚೀಟಿ ಎತ್ತಿ ಕೊಡುತ್ತಿದ್ದರು. ಎಲ್ಲೂ ಹೆಸರು ಬರೆದಿಟ್ಟದ್ದಿಲ್ಲ, ಎಲ್ಲ ತಲೆಯಲ್ಲೇ.

ಆ ತಲೆಯ ಮೇಲೆ ಅವರಿಗಿದ್ದ ನಂಬಿಕೆಯನ್ನು ಕೆಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೇಳದೆ ಜಾರಿಕೊಳ್ಳುವ ಚಾಳಿ ನನ್ನದು.

ಲೈಬ್ರರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಒಂದು ಲಿನಕ್ಸ್ ಸರ್ವರ್ ಇದೆ. ಸ್ಟೇಬಲ್ ಎಂಬ ಆವೃತ್ತಿಯದು. ಹೊಸ ಥಳಕುಗಳಿಗೆ ಹೋಗದೆ ಇದ್ದದ್ದನ್ನೇ ಗಟ್ಟಿಯಾಗಿ ನಡೆಸಿಕೊಂಡು ಹೋಗುವ ಜಾತಿ. ನಾಲ್ಕು ವರ್ಷ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದರ ಗಟ್ಟಿತನವೆಲ್ಲ ನನ್ನದೇ ಎಂಬಂತೆ ನಾನು ಮೀಟಿಂಗುಗಳಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಯಾವ ಪುಸ್ತಕ ಯಾರ ಬಳಿ ಇದೆ ಎಂಬ ಲೆಕ್ಕವೆಲ್ಲ ಅದರೊಳಗಿನ ಡೇಟಾಬೇಸಿನಲ್ಲಿತ್ತು. ಆ ಡೇಟಾಬೇಸ್ ತಂತ್ರಾಂಶ ಹಳತಾಗಿ, ಇನ್ನು ಮುಂದೆ ಅದಕ್ಕೆ ರಿಪೇರಿ ಸಿಗುವುದಿಲ್ಲ ಎಂದಾಯಿತು. ಹೊಸ ಆವೃತ್ತಿಗೆ ಏರಿಸಬೇಕಿತ್ತು.

ಸೋಮವಾರ ಲೈಬ್ರರಿಗೆ ರಜ. ಬೆಳಿಗ್ಗೆ ಬಾಗಿಲು ತೆಗೆಸಿಕೊಂಡು ಕೂತೆ. ಹೊಸ ಡೇಟಾಬೇಸನ್ನು ಹಳೆಯದರ ಪಕ್ಕದಲ್ಲೇ ಎಬ್ಬಿಸಿ, ಲೆಕ್ಕವನ್ನೆಲ್ಲ ಅದಕ್ಕೆ ಸಾಗಿಸಿ, ಇನ್ನು ಅದಕ್ಕೇ ಬರೆಯಲೆಂದು ಪ್ರತಿ ಕೌಂಟರಿನ ಕಂಪ್ಯೂಟರಿಗೂ ಅದರ ವಿಳಾಸ ಕೊಟ್ಟೆ. ಆಮೇಲೆ ಹಳೆಯದನ್ನು ನಿಲ್ಲಿಸಬೇಕು. ಅದು ಕ್ರಮ. ನಾನು ನಿಲ್ಲಿಸಲಿಲ್ಲ. ಹೊಸದು ಎಡವಿದರೆ ಹಳೆಯದು ಇರಲಿ ಎಂದು ಎರಡನ್ನೂ ಓಡಲು ಬಿಟ್ಟೆ. ದೊಡ್ಡಕ್ಕನ ಕಂಪ್ಯೂಟರಿನಲ್ಲಿ ಮಾತ್ರ ಹಳೆಯದರ ವಿಳಾಸವನ್ನು ಹಿಂದೆಂದೋ ನಾನೇ ಬೇರೊಂದು ಕಡೆ ಕೈಯಾರೆ ಬರೆದಿಟ್ಟಿದ್ದೆ. ಅದು ನನಗೆ ಮರೆತೇ ಹೋಯಿತು. ಎಲ್ಲರೂ ಹೊಸದಕ್ಕೆ ಬರೆಯುತ್ತಿದ್ದರೆ ಅವರೊಬ್ಬರು ಹಳೆಯದಕ್ಕೆ ಬರೆಯುತ್ತಾ ಹೋದರು.

ಗುರುವಾರ ಅವರು ನನ್ನ ಕೋಣೆಗೆ ಬಂದು, "ತಮ್ಮಾ, ಒಂದೆರಡು ಪುಸ್ತಕ ತಗೊಳ್ತಾನೇ ಇಲ್ಲ ಇದು. ಈ ಪುಸ್ತಕ ಹೊರಗೆ ಹೋಗೇ ಇಲ್ಲ ಅಂತಿದೆ" ಅಂದರು.

ನಾನು ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. "ನೀವೇ ಏನೋ ತಪ್ಪು ಒತ್ತಿರ್ತೀರ ದೊಡ್ಡಕ್ಕ. ವಯಸ್ಸಾಯ್ತಲ್ಲ, ಇನ್ನೊಂದ್ಸಲ ನೋಡಿ" ಎಂದು ತಮಾಷೆ ಮಾಡಿದೆ. ಅವರೂ ನಕ್ಕು ಹೋದರು. ಅದೇ ವಾರ ಎರವಲು ಕೌಂಟರಿನವನಿಗೆ, ಶೆಲ್ಫಿನಲ್ಲಿದ್ದ ಪುಸ್ತಕಗಳೇ ವಾಪಸು ಬಂದಿಲ್ಲ ಎಂದು ಕಂಪ್ಯೂಟರ್ ಹೇಳತೊಡಗಿತ್ತು. ಅವನು ಒಳ್ಳೆಯವನು. ಪಾಪ, ದೊಡ್ಡಕ್ಕ ಮರೆತಿದ್ದಾರೆ ಅಂದುಕೊಂಡು ಸದ್ದಿಲ್ಲದೆ ತಾನೇ ಸರಿ ಮಾಡಿ ಕಳಿಸುತ್ತಿದ್ದನಂತೆ.

ಮುಂದಿನ ಸೋಮವಾರ, ವಾರವಿಡೀ ಯಾವ ತಕರಾರೂ ಇಲ್ಲವೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ಹಳೆಯ ಡೇಟಾಬೇಸನ್ನು ಅಳಿಸಿದೆ. ಒಂದೇ ಸಾಲಿನ ಆಜ್ಞೆ. ದಿನವೂ ಅದರ ನಕಲು ತೆಗೆದಿಡುವ ಬ್ಯಾಕಪ್ಪನ್ನು ನಾನು ಮೊದಲ ದಿನವೇ ನಿಲ್ಲಿಸಿಯಾಗಿತ್ತು. ಮಂಗಳವಾರ ಬೆಳಿಗ್ಗೆ ಮುಖ್ಯಸ್ಥರ ಮುಂದೆ ನಿಂತು, "ಒಂದು ಸಾಲೂ ಕಳೆದಿಲ್ಲ ಸಾರ್" ಅಂದೆ. ಅಲ್ಲಿಂದ ಹೊರಗೆ ಬರುತ್ತಲೇ ದೊಡ್ಡಕ್ಕ ಕೈಬೀಸಿ ಕರೆದರು. ಅವರ ಕಂಪ್ಯೂಟರ್ ತೆರೆಯುತ್ತಿರಲಿಲ್ಲ.

ವಿಳಾಸ ನೋಡಿದ ಆ ಕ್ಷಣವೇ ನನಗೆ ಎಲ್ಲ ಗೊತ್ತಾಯಿತು. ಅವರು ದಾಖಲಿಸಿದ್ದೆಲ್ಲ ನಾನು ಅಳಿಸಿದ ಹಳೆಯದರ ಜೊತೆಗೇ ಹೋಗಿತ್ತು, ಆ ಸೋಮವಾರದ ನಂತರ ಎರವಲು ಹೋದ ಪುಸ್ತಕಗಳು ಆ ಹಳೆಯದಕ್ಕೆ ಗೊತ್ತೂ ಇರಲಿಲ್ಲ. ಆರು ದಿನ, ನಾನೂರ ಹನ್ನೆರಡು ಪುಸ್ತಕ. ಲೆಕ್ಕ ಆಮೇಲೆ ಸಿಕ್ಕಿದ್ದು. ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ವಿಳಾಸ ತಿದ್ದಿ, "ವೈರ್ ಸಡಿಲ ಆಗಿತ್ತು" ಅಂದೆ.

ಆ ವಾರ ನೂರಾರು ಮನೆಗಳಿಗೆ, ಪುಸ್ತಕ ಹಿಂದಿರುಗಿಸಿಲ್ಲವೆಂಬ ನೋಟಿಸು ಹೋಯಿತು. ಜನ ಕೌಂಟರಿಗೆ ಬಂದು ರೇಗಾಡಿದರು. ಹುಡುಕಿದರೆ ಪುಸ್ತಕಗಳೆಲ್ಲ ಶೆಲ್ಫಿನಲ್ಲೇ ಇದ್ದವು. ಅಂದಮೇಲೆ ದಾಖಲಿಸದೆ ಇಟ್ಟವರು ಯಾರು? ಎರವಲಿನವನು ತಲೆ ತಗ್ಗಿಸಿಕೊಂಡು ತಾನು ಮುಚ್ಚಿಹಾಕಿದ್ದನ್ನೂ ಹೇಳಿದ. ಮುಖ್ಯಸ್ಥರು ನನ್ನ ಕಡೆ ತಿರುಗಿ, "ಕಂಪ್ಯೂಟರ್ ಕಡೆಯಿಂದ ಏನಾದ್ರೂ?" ಅಂತ ಕೇಳಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಬಾಯಲ್ಲಿ ಸುಳ್ಳು ಹೇಳಲಿಲ್ಲವಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡಿದ್ದೂ ಉಂಟು, ಅಷ್ಟು ನಾಚಿಕೆಗೆಟ್ಟವನು ನಾನು.

ಯಾರೂ ದೊಡ್ಡಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಅವರು ತಿರುಗಿ ಬೀಳುತ್ತಿದ್ದರೋ ಏನೋ. ಎಲ್ಲರೂ ಮೆತ್ತಗೆ ಮಾತಾಡಿದರು. ಅವರ ತಾಯಿ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ ಗುರುತಿಸದೆ, ನೀನು ಯಾರ ಪೈಕಿ ಎಂದು ಕೇಳುತ್ತಿದ್ದರು. ಅದು ನನಗೆ ಗೊತ್ತಿತ್ತು. ಅವರೇ ಹೇಳಿದ್ದರು. ತನಗೂ ಅದೇ ಶುರುವಾಯಿತೆಂದು ಅವರು ಹೆದರುತ್ತಿದ್ದಾರೆ ಎಂದು ಗೊತ್ತಿದ್ದೂ ನಾನು ಬಾಯಿಗೆ ಬೀಗ ಹಾಕಿಕೊಂಡೆ. ನಿವೃತ್ತಿಗೆ ಇನ್ನೂ ಮೂರು ವರ್ಷ ಇರುವಾಗಲೇ ಅವರು ಕೆಲಸ ಬಿಟ್ಟರು. ಬೀಳ್ಕೊಡುಗೆಯ ದಿನ ಅವರ ಚೀಲ ಹೊತ್ತು ಬಸ್ಸಿನವರೆಗೂ ಬಿಟ್ಟು ಬಂದೆ. ಅಷ್ಟು ದೂರ ಜೊತೆಗೇ ನಡೆದೂ ಹೇಳಲಿಲ್ಲ.

ಐದು ತಿಂಗಳು ಕಳೆಯಿತು. ಹೋದ ಶನಿವಾರ ಆ ಕೌಂಟರಿನ ಡ್ರಾಯರ್ ಸಿಕ್ಕಿಹಾಕಿಕೊಂಡಿದೆ ಎಂದು ಹೊಸಬಳು ಕರೆದಳು. ಎಳೆದರೆ ಹಿಂದುಗಡೆಯಿಂದ ಒಂದು ಸಣ್ಣ ಪ್ಯಾಡು ಬಿತ್ತು. ದೊಡ್ಡಕ್ಕನ ಗುಂಡು ಅಕ್ಷರ. ಆ ಆರು ದಿನಗಳಲ್ಲಿ ಕಂಪ್ಯೂಟರ್ ತೆಗೆದುಕೊಳ್ಳದ ಒಂದೊಂದು ಪುಸ್ತಕ, ದಿನ, ಗಂಟೆ ಅದರಲ್ಲಿತ್ತು. ಗುರುವಾರದ ಕೆಳಗೆ, "ತಮ್ಮನಿಗೆ ಹೇಳಿದೆ. ನಾನೇ ತಪ್ಪು ಒತ್ತಿದ್ದಂತೆ" ಎಂದು ಬರೆದಿದ್ದರು. ಇದೊಂದು ಪ್ಯಾಡನ್ನು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು, ನನ್ನ ಬಣ್ಣ ಬಯಲಾಗುತ್ತಿತ್ತು. ಅವರು ಇಡಲಿಲ್ಲ, ಏಕೆಂದರೆ ನನ್ನ ಮಾತನ್ನು ನಂಬಿದ್ದರು.

ಸೋಮವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಅದೇ ಗುಂಡು ಅಕ್ಷರದ ಚೀಟಿ. ಉಪ್ಪು. ಸಕ್ಕರೆ. ಒಲೆಯ ಮೇಲಿನ ಗೋಡೆಯಲ್ಲಿ, ಆರಿಸಿದೆಯಾ?

"ಮೊಮ್ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದನ್ನೂ ಬಿಟ್ಟಿದೀನಿ ಕಣೋ" ಅಂದರು. "ಪಕ್ಕದ ಮನೆಯವಳು ತರ್ತಾಳೆ. ದಾರೀಲಿ ಮಗೂನ ಎಲ್ಲಾದ್ರೂ ಬಿಟ್ಟು ಬಂದ್ರೆ ಅಂತ."

ಪ್ಯಾಡನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ವಿಳಾಸ, ಅಳಿಸಿದ್ದು, ವೈರಿನ ಸುಳ್ಳು, ತಲೆಯಾಡಿಸಿದ್ದು. ಅವರು ಒಂದೊಂದೇ ಹಾಳೆ ತಿರುವಿದರು.

"ನಾನೂರ ಹನ್ನೆರಡೂ ನಾನು ಹಾಕಿದ್ನಾ?"

"ಒಂದೂ ಬಿಟ್ಟಿರಲಿಲ್ಲ."

ಪ್ಯಾಡು ಮುಚ್ಚಿಟ್ಟರು. ಆಮೇಲೆ, "ಅಮ್ಮನ ವಿಷಯ ನಿನಗೆ ಹೇಳಿದ್ದೆ ಅಲ್ವಾ?" ಅಂದರು.

"ಹೇಳಿದ್ರಿ."

"ಯಾವಾಗ?"

ನನಗೆ ನೆನಪಾಗಲಿಲ್ಲ.

"ನಿನ್ನ ಮಗಳಿಗೆ ಜ್ವರ ಬಂದಿತ್ತು. ನೀನು ಊಟದ ಡಬ್ಬಿ ತಂದಿರಲಿಲ್ಲ. ನನ್ನದ್ರಲ್ಲೇ ಅರ್ಧ ತಗೊಂಡೆ. ಹೋದ ವರ್ಷದ ಹಿಂದಿನ ವರ್ಷ, ಬುಧವಾರ."

ನನಗೆ ಅಲ್ಲೇ ಭೂಮಿಗಿಳಿದು ಹೋಗಬೇಕು ಅನ್ನಿಸಿತು. ಕ್ಷಮಿಸಿ ಅನ್ನಲು ಬಾಯಿ ತೆರೆದರೆ ಅವರು ಕೈ ಅಡ್ಡ ಹಿಡಿದರು. ಗಡಿಯಾರ ನೋಡಿದರು. ಪಕ್ಕದ ಮನೆಗೆ ಫೋನ್ ಮಾಡಿ, ಇವತ್ತು ನೀನು ಹೋಗೋದು ಬೇಡ ಅಂದರು. ಚಪ್ಪಲಿ ಮೆಟ್ಟಿಕೊಂಡು, "ನನ್ನ ಮಗಳು ಆರು ಗಂಟೆಗೆ ಬರ್ತಾಳೆ. ಅಲ್ಲೀವರೆಗೂ ಕೂತಿರು. ನನಗೆ ಹೇಳಿದ್ದನ್ನ ಅವಳಿಗೂ ಹೇಳ್ಬೇಕು. ನಾಳೆ ಆಫೀಸಿನಲ್ಲೂ" ಎಂದು ಹೊರಟರು.

ಚೀಟಿ ಅಂಟಿಸಿದ ಡಬ್ಬಿಗಳ ನಡುವೆ ಒಬ್ಬನೇ ಕೂತೆ. ಎದ್ದು ಓಡಿಹೋಗಬಹುದಿತ್ತು. ಅರ್ಧ ಗಂಟೆಯಲ್ಲಿ ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಕೇಳಿಸಿತು. ಅಜ್ಜಿಯ ಕೈ ಹಿಡಿದು ಒಳಗೆ ಬಂದ ಮಗು ನನ್ನನ್ನು ನೋಡಿ, "ಯಾರಜ್ಜಿ ಇವರು?" ಅಂದಿತು.

"ಲೈಬ್ರರೀಲಿ ಕಂಪ್ಯೂಟರ್ ನೋಡ್ಕೊಳ್ಳೋ ಮಾಮ" ಅಂದರು ದೊಡ್ಡಕ್ಕ, ಮಗುವಿನ ಬೂಟಿನ ದಾರ ಬಿಚ್ಚುತ್ತಾ. "ಅವನಿಗೆ ಸ್ವಲ್ಪ ಮರೆವು."