ದರ್ಜಿ ಮಾವನ ದಂಡು
ರಜಾ ದಿನ ನಮ್ಮ ದರ್ಜಿ ಮಾವ ಅಂಗಡಿ ಬಾಗ್ಲು ಅರ್ಧ ಎಳ್ದು, ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಕಾಡು, ಕೋಟೆ, ಡ್ರ್ಯಾಗನ್ ಗುಹೆ ಬರೆದು, ಗುಂಡಿ ಡಬ್ಬಿ ಮುಚ್ಚಳದಲ್ಲಿ ದಾಳ ಗಲಗಲ ಅನ್ಸಿದ ಅಂದ್ರೆ ಸಾಹಸದ ಆಟ ಶುರು: ಕಥೆ ಹೇಳೋನೂ ಡ್ರ್ಯಾಗನ್ನೂ ಮಾವನೇ, ಉಳಿದೋರು ಒಂದೊಂದು ಪಾತ್ರ ಆಗಿ, ದಾಳ ಹಾಕಿ ಗುಹೆಗೆ ನುಗ್ಗೋದು. ಬೇರೆ ಕಡೆ ಈ ಆಟಕ್ಕೆ ಕತ್ತಿವೀರ, ಮಾಂತ್ರಿಕ ಅಂತ ದಂಡು ಕಟ್ತಾರೆ; ಮಾವಂಗೆ ಅದೆಲ್ಲ ರೆಡಿಮೇಡ್ ಅಂಗಿ ಇದ್ದಂಗೆ, ಮೂಗು ಮುರೀತಾನೆ. "ಅಳತೆ ಕೊಡು, ನಿಂಗೆ ಏನು ಬರಲ್ಲ ಹೇಳು," ಅಂತ ಕೇಳಿ ಪಾತ್ರ ಹೊಲ್ದು ಕೊಡ್ತಾನೆ. ಜಿರಲೆಗೂ ಹೆದ್ರೋ ಪೋಸ್ಟ್‌ಮ್ಯಾನೇ ಬೇಹುಗಾರ: "ಪುಕ್ಕಲನ ಕಿವಿ ಮೊದ್ಲು ನಿಮಿರುತ್ತೆ ಕಣೋ!" ಬಾಯಿಬಡುಕಿ ಅತ್ತೆ ಕಾವಲುಗಾರ್ತಿ, ಅವಳ ಮಾತು ಮುಗಿಯೋ ತನಕ ಯಾವ ಕಳ್ಳ ಒಳಗೆ ಬಂದಾನು? "ಇದೇನು ದಂಡೋ, ಸಂತೆಗೆ ಹೊರಟ ಗುಂಪೋ?" ಅಂತ ಎದುರಂಗಡಿಯೋರು ಆಡ್ಕೊಂಡ್ರೆ, "ಒಂದು ಗುಹೆಲೂ ಸೋತಿಲ್ಲಪ್ಪ," ಅಂತ ಮೀಸೆ ತಿರುವ್ತಾನೆ. ಅವನ ಮೇಜಲ್ಲಿ ಒಂದೇ ಕಟ್ಟುನಿಟ್ಟು: ಇನ್ನೊಬ್ಬರು ಹೇಳ್ತಿರೋ ಮಾತನ್ನ ನೀನು ಬಾಯಿ ಹಾಕಿ ಮುಗಿಸಿದ್ಯೋ, ನಿನ್ನ ಸರದಿ ಹೋಯ್ತು. ಅದ್ಯಾಕೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಮಾತು ತೊದಲುತ್ತೆ ಅಂತ ಹೊರಗೆ ಬಾಯೇ ಬಿಡದ ಅವನ ತಂಗಿ ಮಗಳು ಬಂದು ಕೂರೋ ತನಕ. ಮಾವ ಅವಳನ್ನೇ ಮುಂದಾಳು ಮಾಡಿ, ಡ್ರ್ಯಾಗನ್ ದನಿಯಲ್ಲಿ, "ಯಾರೋ ಈ ದಂಡಿನ ನಾಯಕ?" ಅಂತ ಗುಡುಗಿದ. ಎಲ್ಲಿ ತಾನೇ ಉತ್ತರ ಹೇಳ್ಬಿಡ್ತೀನೋ ಅಂತ ಅತ್ತೆ ಕರ್ಚೀಫನ್ನ ಬಾಯಿಗೆ ತುರುಕ್ಕೊಂಡಳು. "ನಾ... ನಾ..." ಅಂತ ಹುಡುಗಿ ಮಾತು ಅಲ್ಲೇ ತಡೀತು, ಮೇಜಿಗೆ ಮೇಜೇ ಕಾಯ್ತು. "ನಾ... ನಾನೇ. ಏ... ಏನೀಗ?" ಅಂದ್ಳು. ಅಷ್ಟು ಗುಡುಗಿದ ಡ್ರ್ಯಾಗನ್, ದಾಳನೂ ಹಾಕಿಸ್ದೆ ಗುಹೆ ಬಾಗಿಲನ್ನ ಅಂಗೈಯಲ್ಲಿ ಅಳಿಸಿ ದಾರಿ ಬಿಡ್ತು.